ಉಗ್ರಾಣದ ಬೀಗದ ಕೈ

ಮದುವೆಯ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೆಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ವರನೆಂದು ವರನ ಕಡೆಯವರು ಹೇಳಿಯಾರು; ಪುರೋಹಿತರೆಂದು ಪುರೋಹಿತರು ಹೇಳಿಯಾರು; ಖರ್ಚು ವಹಿಸಿಕೊಂಡವರು ಏನನ್ನೂ ಹೇಳದೆ ನಿಟ್ಟುಸಿರು ಬಿಟ್ಟಾರು. ನನ್ನನ್ನು ಕೇಳಿದರೆ, ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯನೇ ಅಲ್ಲಿ ಎಲ್ಲರಿಗಿಂತ ದೊಡ್ಡವನು.

ನಮ್ಮ ಮನೆತನದಲ್ಲಿ ಆ ಅಧಿಕಾರ ನನ್ನ ಸೋದರಮಾವನದು. ಎಷ್ಟು ಎಲೆ, ಎಷ್ಟು ಬೇಳೆ, ಎಷ್ಟು ತುಪ್ಪ, ಯಾವ ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ, ಮಳೆ ಬಂದರೆ ಸೌದೆಯನ್ನು ಎಲ್ಲಿಡಬೇಕು — ಇವೆಲ್ಲ ಅವರಿಗೆ ಬಾಯಿಪಾಠ. ಊಟ ಚೆನ್ನಾಗಿದ್ದರೆ ಹೊಗಳಿಕೆ ಅಡಿಗೆಯವರ ಪಾಲು. ಮೂರನೆಯ ಪಂಕ್ತಿಯಲ್ಲಿ ತುಪ್ಪ ಮುಗಿದರೆ ಮಾತ್ರ ಇಡೀ ಚಪ್ಪರವೇ “ಉಗ್ರಾಣದಲ್ಲಿ ಯಾರಿದ್ದೀರಯ್ಯಾ?” ಎಂದು ಕೂಗುತ್ತದೆ. ಎಲ್ಲರದೂ ಮುಗಿದ ಮೇಲೆ, ಬಡಿಸಿದವರೊಡನೆ ಕಡೆಯ ಪಂಕ್ತಿಯಲ್ಲಿ ಕುಳಿತು, ತಣ್ಣಗಾದ ಸಾರನ್ನು ಉಣ್ಣುವುದು ಮಾವನ ಪದ್ಧತಿ.

ಹೋದ ವರ್ಷ ಆಷಾಢದಲ್ಲಿ ನನಗೆ ಮಾವನ ನೆನಪು ಬಲವಾಗಿ ಬರುವಂಥ ಒಂದು ಪ್ರಸಂಗ ನಡೆಯಿತು. ಭಾನುವಾರದ ಬೆಳಿಗ್ಗೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಿಂದ ರೈತರೊಬ್ಬರು ಎರಡು ಚಿಪ್ಪು ಬಾಳೆಕಾಯಿ ಹಿಡಿದುಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದರು. ಅವರ ಮಗ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಕಡೆಯ ಪರೀಕ್ಷೆ ಬರೆದು ಮನೆಯಲ್ಲಿದ್ದ.

“ಮೇಷ್ಟ್ರೇ, ನೀವೇ ಅವನಿಗೆ ನಾಲ್ಕು ಬುದ್ಧಿಮಾತು ಹೇಳಬೇಕು” ಎಂದು ಕುರ್ಚಿಯ ತುದಿಯಲ್ಲಿ ಕುಳಿತರು. “ಅದೇನೋ ಲಾಜಿಸ್ಟಿಕ್ಸು, ಸಪ್ಲೈ ಚೈನು ಅಂತಾನೆ. ಅದಕ್ಕೆ ಎಂ.ಬಿ.ಎ. ಓದಬೇಕಂತೆ. ವಿಚಾರಿಸಿದರೆ ಗೋಡೌನಿನ ಕೆಲಸ ಅಂದರು. ನಮ್ಮ ತಾತನ ಕಾಲದಲ್ಲಿ ಹಗೇವು ಕಾಯೋಕೆ ಆಳಿದ್ದ. ಅವನೇನು ಎಂ.ಬಿ.ಎ. ಓದಿದ್ದನಾ ಸ್ವಾಮಿ?”

ಫೀಸಿಗೆ ಅವರ ಮುಂದೆ ಇದ್ದ ದಾರಿ ಒಂದೇ. ಎರಡು ಎಕರೆ ಹೊಲವನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಡುವುದು. ಆ ಸೀಮೆಯಲ್ಲಿ ಇದು ಹೊಸದಲ್ಲ. ಕೈಗೆ ಹಣ ಒಮ್ಮೆಲೇ ಬರುತ್ತದೆ. ಆದರೆ ಗೊಬ್ಬರ, ಔಷಧಿಗಳನ್ನು ಕುಡಿದು ದಣಿದ ನೆಲ ಹಿಂತಿರುಗಿ ಬಂದಾಗ ಮೊದಲಿನ ನೆಲವಾಗಿರುವುದಿಲ್ಲವೆಂದು ಅನುಭವಸ್ಥರು ಹೇಳುತ್ತಾರೆ. ಮಗನ ಓದು ಒಂದು ಕಡೆ, ಮಣ್ಣು ಇನ್ನೊಂದು ಕಡೆ. ಈ ತಕ್ಕಡಿಯನ್ನು ತಂದು ಅವರು ನನ್ನ ಮುಂದಿಟ್ಟಿದ್ದರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ತಿಂಗಳ ಹಿಂದೆ ಆ ಹುಡುಗನೇ ನನ್ನಲ್ಲಿಗೆ ಬಂದು ಸಲಹೆ ಕೇಳಿದ್ದ. ಪಂಪನನ್ನೂ ರನ್ನನನ್ನೂ ಪಾಠ ಹೇಳುವ ನನಗೆ ಆ ವಿಷಯದ ಗಂಧವಿರಲಿಲ್ಲ. ಗೊತ್ತಿಲ್ಲವೆನ್ನುವುದಕ್ಕೆ ಸಂಕೋಚಪಟ್ಟು, “ಸುಮ್ಮನೆ ಎಫ್.ಡಿ.ಎ. ಪರೀಕ್ಷೆಗೆ ಕಟ್ಟಯ್ಯ” ಎಂದು ಹೇಳಿ ಕಳುಹಿಸಿಬಿಟ್ಟಿದ್ದೆ. ಅವನು ತಲೆ ತಗ್ಗಿಸಿಕೊಂಡು ಹೋಗಿದ್ದ. ಈಗ ತಂದೆಯೇ ಎದುರಿಗೆ ಕುಳಿತಾಗ ಅದೇ ಮಾತನ್ನು ಎರಡನೆಯ ಸಲ ಹೇಳಲು ಬಾಯಿ ಬರಲಿಲ್ಲ. “ಒಂದು ದಿನ ನಿಮ್ಮ ಊರಿಗೇ ಬರುತ್ತೇನೆ, ಅಲ್ಲಿ ಮಾತನಾಡೋಣ” ಎಂದೆ.

ಹೋದದ್ದು ಶ್ರಾವಣದಲ್ಲಿ, ಓಣಂ ಹಬ್ಬಕ್ಕೆ ಕೆಲವೇ ದಿನಗಳಿದ್ದಾಗ. ಹಂಪಾಪುರ ಮೈಸೂರಿನಿಂದ ಕೋಟೆಗೆ ಹೋಗುವ ರಸ್ತೆಯ ಮೇಲಿನ ಊರು. ಅದೇ ರಸ್ತೆ ಮುಂದೆ ಹ್ಯಾಂಡ್‌ಪೋಸ್ಟ್, ಅಂತರಸಂತೆಗಳನ್ನು ದಾಟಿ, ನಾಗರಹೊಳೆಯ ಕಾಡನ್ನು ಹೊಕ್ಕು, ಬಾವಲಿಯಲ್ಲಿ ಕೇರಳವನ್ನು ಸೇರಿ ಮಾನಂದವಾಡಿಗೆ ಹೋಗುತ್ತದೆ. ನಾನು ತೋಟಕ್ಕೆ ಹೋದಾಗ ನೇಂದ್ರಬಾಳೆಯ ಗೊನೆಗಳನ್ನು ಕಡಿಯುತ್ತಿದ್ದರು. ಕೂಲಿಯವರು ಗೊನೆ ಹೊತ್ತು ತರುವವರು; ಹುಡುಗ ತೂಕ ಬರೆದುಕೊಳ್ಳುವವನು; ತಂದೆ ಲಾರಿಯೊಳಗೆ ನಿಂತು, ಒಣಗಿದ ಬಾಳೆಲೆ ಹಾಸಿ ಗೊನೆ ಜೋಡಿಸುವವರಿಗೆ ಕೈ ತೋರಿಸುವವರು. ಮಾತು ನನ್ನೊಡನೆ, ಕಣ್ಣು ಮಾತ್ರ ಗಡಿಯಾರದ ಮೇಲೆ.

“ಒಂದು ಗಂಟೆಗೆ ಲಾರಿ ಬಿಡಲೇಬೇಕು ಮೇಷ್ಟ್ರೇ. ಆರು ಗಂಟೆಗೆ ಕಾಡಿನ ಗೇಟು ಹಾಕ್ತಾರೆ. ಆರೂ ಐದಕ್ಕೆ ಹೋದರೆ ಮುಗೀತು, ಇನ್ನು ಬೆಳಿಗ್ಗೆ ಆರಕ್ಕೇ.”

ಕಾಡುಪ್ರಾಣಿಗಳ ರಕ್ಷಣೆಗಾಗಿ ಆ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿದ್ದಾರೆ. ಆನೆಗೂ ರಾತ್ರಿಯ ನೆಮ್ಮದಿ ಬೇಕಷ್ಟೆ. ಅದಕ್ಕೆ ತಕ್ಕಂತೆ ಈ ರೈತರ ಲೆಕ್ಕವೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ಮಾನಂದವಾಡಿಯ ಮಂಡಿಗೆ ಎಷ್ಟು ಹೊತ್ತಿಗೆ ಮಾಲು ಬೀಳಬೇಕು. ಅದಕ್ಕೆ ಗೇಟನ್ನು ಎಷ್ಟಕ್ಕೆ ದಾಟಬೇಕು. ಅದಕ್ಕೆ ಲಾರಿ ಎಷ್ಟಕ್ಕೆ ಹೊರಡಬೇಕು. ಅದಕ್ಕೆ ಕತ್ತಿ ಎಷ್ಟಕ್ಕೆ ಗೊನೆಗೆ ಬೀಳಬೇಕು. ಇಷ್ಟೇ ಅಲ್ಲ. ನೇಂದ್ರಬಾಳೆ ನೆಟ್ಟು ಗೊನೆ ಕಡಿಯುವುದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಓಣಂ ಸಮಯದ ಬೆಲೆ ಸಿಗಬೇಕಾದರೆ ಹಿಂದಿನ ವರ್ಷದ ಓಣಂ ಕಳೆದ ಸ್ವಲ್ಪ ದಿನಗಳಲ್ಲಿಯೇ ಕಂದು ನೆಲದಲ್ಲಿರಬೇಕು. ದೂರ ಹೋಗುವ ಕಾಯಿ ಪೂರ್ತಿ ಬಲಿಯುವ ಮುಂಚೆಯೇ ಕೆಳಗಿಳಿಯಬೇಕು. ಇದನ್ನೆಲ್ಲ ಆ ಮನುಷ್ಯ ಯಾವ ಕಾಗದದ ಮೇಲೂ ಬರೆದಿರಲಿಲ್ಲ.

ನಾನು ಬೆರಗಾಗಿ, “ನೀವು ಮಾಡುತ್ತಿರುವುದೇ ನಿಮ್ಮ ಮಗ ಓದಬೇಕೆನ್ನುವ ವಿದ್ಯೆಯಲ್ಲವೇ?” ಎಂದೆ.

ಅವರು ನಕ್ಕುಬಿಟ್ಟರು. “ಇದು ಓದೋ ವಿಷಯವಾ? ಇದು ಹೊಟ್ಟೆಪಾಡು.”

ಲಾರಿ ಹೋದ ಮೇಲೆ ಹುಡುಗನನ್ನು ಬೇರೆಯಾಗಿ ಕರೆದು, ಈ ಆಸೆ ಎಲ್ಲಿಂದ ಬಂತೆಂದು ಕೇಳಿದೆ. ಮೊದಲನೆಯ ಸಲವೇ ಕೇಳಬೇಕಾಗಿದ್ದ ಪ್ರಶ್ನೆ. ಅವನು ಹೇಳಿದ: “ನಾನು ಪಿ.ಯು.ಸಿ.ಯಲ್ಲಿದ್ದಾಗ ಓಣಂಗೆ ಎರಡೇ ದಿನವಿತ್ತು ಸರ್. ಅಂತರಸಂತೆ ಹತ್ತಿರ ಲಾರಿಯ ಟೈರು ಒಡೆಯಿತು. ಗೇಟು ತಲುಪುವ ಹೊತ್ತಿಗೆ ಮುಚ್ಚಿಬಿಟ್ಟಿದ್ದರು. ಲಾರಿಯಲ್ಲಿ ಡ್ರೈವರ್ ಜೊತೆ ನಾನಿದ್ದೆ. ಇಡೀ ರಾತ್ರಿ ಅಲ್ಲೇ ಕೂತಿದ್ದೆವು. ಮಾರನೆಯ ದಿನ ಮಂಡಿಯಲ್ಲಿ ಬಂದ ದುಡ್ಡು ಲಾರಿ ಬಾಡಿಗೆಗೂ ಕೂಲಿಗೂ ಸರಿಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಹನ್ನೊಂದು ತಿಂಗಳ ಬೆಳೆ ಹತ್ತು ನಿಮಿಷಕ್ಕೆ ಹೋಯಿತಲ್ಲ ಸರ್, ಅದಕ್ಕೇನಾದರೂ ದಾರಿ ಇರಲೇಬೇಕು ಅಂತ ಅವತ್ತು ರಾತ್ರಿ ಅನ್ನಿಸಿತು.”

ಅಂಥ ಹುಡುಗನಿಗೆ ನಾನು ಗುಮಾಸ್ತೆಯ ಪರೀಕ್ಷೆಯನ್ನು ಉಪದೇಶಿಸಿದ್ದೆ!

ಮನೆಗೆ ಬಂದವನೇ ಈ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮೊದಲು ತಿಳಿದದ್ದು, ಈ ವಿದ್ಯೆಗೆ ಹೆಸರು ಮಾತ್ರ ಪರದೇಶದ್ದು, ಬೇರು ನಮ್ಮ ಸೀಮೆಯಲ್ಲಿಯೂ ಇದೆ ಎಂಬುದು. ಲಾಜಿಸ್ಟಿಕ್ಸ್ ಎಂಬ ಮಾತು ದಂಡಿನ ಮಾತು. ಸೈನ್ಯಕ್ಕೆ ಅನ್ನ, ಮೇವು, ಮದ್ದುಗುಂಡುಗಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಶಾಸ್ತ್ರ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ಅರಮನೆಯ ದನಗಳ ಇಲಾಖೆಯೊಂದಿತ್ತು. ಹೈದರಾಲಿಯ ಕಾಲಕ್ಕೆ ಆ ಎತ್ತುಗಳೇ ಸೈನ್ಯದ ಸಾಮಾನನ್ನೂ ಫಿರಂಗಿಯನ್ನೂ ಎಳೆದವು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ಮೇವಿನ ಕಾವಲುಗಳಿಗೂ ತಳಿಯ ಪಾಲನೆಗೂ ನಿಯಮಗಳನ್ನು ಮಾಡಿದ. ಮೈಸೂರಿನ ದಂಡು ಶತ್ರು ಎಣಿಸಿದ್ದಕ್ಕಿಂತ ಮುಂಚೆಯೇ ಅವನೆದುರು ಬಂದು ನಿಲ್ಲುತ್ತಿದ್ದುದರ ಗುಟ್ಟು ಈ ಎತ್ತುಗಳ ಕಾಲಿನಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲಾಖೆ ಇಂಗ್ಲಿಷರ ಕೈಸೇರಿತು; ಅದಕ್ಕೆ ಕೇಂದ್ರವಾದದ್ದು ಹಂಪಾಪುರದ ನೆರೆಯ ತಾಲ್ಲೂಕಿನ ಹುಣಸೂರು. ಸೈನ್ಯಕ್ಕೆ ಬೇಕಾದ ಚರ್ಮ, ಕಂಬಳಿ, ಮರಮುಟ್ಟುಗಳ ಕಾರ್ಖಾನೆಗಳೂ ಅಲ್ಲಿಯೇ ನಡೆದವು.

ಮುಂದಿನ ಕತೆ ಇನ್ನೂ ಸ್ವಾರಸ್ಯವಾದುದು. 1860ರಲ್ಲಿ ಮದರಾಸು ಸರ್ಕಾರಕ್ಕೆ ಮಿತವ್ಯಯದ ಬುದ್ಧಿ ಬಂತು. ಯುದ್ಧವಿಲ್ಲದಾಗ ಈ ದನಗಳಿಗೆ ಮೇವೇಕೆಂದು ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಗಾಡಿಗೆ ಕಟ್ಟಲು ತಕ್ಕ ಎತ್ತುಗಳಿಲ್ಲದೆ ಕಷ್ಟವಾಗಿ, 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಕೆಲಸ ಸುಗಮವಾಗಿ ನಡೆಯುತ್ತಿರುವಾಗ ಉಗ್ರಾಣಿಯ ಸಂಬಳ ದಂಡವೆಂದು ತೋರುವುದು ಅಂದಿನಿಂದ ಇಂದಿನವರೆಗೂ ಇರುವ ಭ್ರಮೆ.

ಹಾಗಾದರೆ ಈಗಿನ ಈ ಉದ್ಯೋಗವೆಂದರೇನು? ವಸ್ತು ಹುಟ್ಟುವ ಕಡೆಯಿಂದ ಬಳಸುವವರ ಕೈಗೆ ಬರುವವರೆಗೆ ಇರುವ ಕೊಂಡಿಗಳನ್ನೆಲ್ಲ ಒಟ್ಟಿಗೆ ನೋಡುವುದು. ಎಷ್ಟು ಬೇಕಾದೀತೆಂದು ಮುಂದಾಗಿ ಅಂದಾಜು ಮಾಡುವುದು, ಕೊಳ್ಳುವುದು, ದಾಸ್ತಾನಿಡುವುದು, ಸಾಗಿಸುವುದು, ಹೊರದೇಶವಾದರೆ ಸುಂಕದ ಕಾಗದಪತ್ರಗಳನ್ನು ನೋಡಿಕೊಳ್ಳುವುದು — ಇವು ಅದರ ಅಂಗಗಳು. ಗೋಡೌನು ಅದರಲ್ಲಿ ಒಂದು ಕೋಣೆ, ಇಡೀ ಮನೆಯಲ್ಲ.

ಅಂದಾಜಿನ ಕಷ್ಟವನ್ನು ಹೇಳಲು ಉಡುಪಿಯ ಅರಸನ ಕತೆಯೇ ಸಾಕು. ಕುರುಕ್ಷೇತ್ರದಲ್ಲಿ ಎರಡು ಸೈನ್ಯಗಳಿಗೂ ಅಡಿಗೆ ಮಾಡಿಸುವ ಹೊಣೆ ಹೊತ್ತ ಆತ, ಯಾವ ದಿನವೂ ಒಂದು ತುತ್ತು ಹೆಚ್ಚಾಗದಂತೆ, ಒಂದು ತುತ್ತು ಕಡಿಮೆಯಾಗದಂತೆ ಬೇಯಿಸುತ್ತಿದ್ದನಂತೆ. ಮಾರನೆಯ ದಿನ ಎಷ್ಟು ಜನ ಉಳಿಯುವರೆಂಬುದನ್ನು ಅವನು ಕೃಷ್ಣ ಹಿಂದಿನ ರಾತ್ರಿ ತಿಂದ ಕಡಲೆಕಾಯಿಗಳ ಲೆಕ್ಕದಿಂದ ತಿಳಿದುಕೊಳ್ಳುತ್ತಿದ್ದನೆಂದು ಕತೆ. ಇಂದಿನ ಕಂಪನಿಗಳಿಗೆ ಕೃಷ್ಣನಿಲ್ಲ. ಗಣಕಯಂತ್ರವಿದೆ, ಹಿಂದಿನ ವರ್ಷಗಳ ಲೆಕ್ಕವಿದೆ. ಆದರೂ ತಪ್ಪು ನಡೆಯುತ್ತದೆ. ಮದುವೆಯಲ್ಲಿ ಅಡಿಗೆಯವನು ಇರಲಿ ಎಂದು ಎರಡು ಕಿಲೋ ಹೆಚ್ಚು ಹೇಳುತ್ತಾನೆ. ಉಗ್ರಾಣದವನು ಅದಕ್ಕೆ ಐದು ಸೇರಿಸುತ್ತಾನೆ. ಅಂಗಡಿಯವನು ಬೇಡಿಕೆ ಏರಿತೆಂದು ಮೂಟೆಗಟ್ಟಲೆ ತರಿಸುತ್ತಾನೆ. ಬಾರುಕೋಲಿನ ಹಿಡಿಯ ಬಳಿ ಮಣಿಕಟ್ಟು ತುಸು ಅಲುಗಿದರೆ ತುದಿಯ ದಾರ ಛಟೀರೆನ್ನುವುದಿಲ್ಲವೇ, ಹಾಗೆ. ಅಮೆರಿಕದ ಜೇ ಫಾರೆಸ್ಟರ್ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಗಣಿತದಿಂದ ವಿವರಿಸಿದರು. ಮುಂದೆ ಈ ಶಾಸ್ತ್ರದಲ್ಲಿ ಅದಕ್ಕೆ ನಿಂತ ಹೆಸರೂ ಎತ್ತಿನ ಚಾವಟಿಯದೇ.

ಸಾಗಣೆಯ ಮಹಿಮೆಗೆ ಇನ್ನೊಂದು ನಿದರ್ಶನ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಮಾಲೀಕನ ಹಡಗೊಂದು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮೂಟೆಗಳನ್ನು ಬಿಡಿಬಿಡಿಯಾಗಿ ಏರಿಸಲು ಆಗ ಟನ್ನಿಗೆ 5.86 ಡಾಲರು ಹಿಡಿಯುತ್ತಿತ್ತು. ಪೆಟ್ಟಿಗೆಯಲ್ಲಿ ತುಂಬಿ ಏರಿಸಿದ್ದಕ್ಕೆ ಬಿದ್ದದ್ದು 16 ಸೆಂಟು. ಕಂಟೇನರ್ ಎಂಬ ಆ ಸರಳವಾದ ಪೆಟ್ಟಿಗೆ ಲೋಕದ ವ್ಯಾಪಾರವನ್ನೇ ಬದಲಿಸಿತು. ಅಂತೆಯೇ, 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಬಿದ್ದಾಗ, ಆರು ದಿನ ನೂರಾರು ಹಡಗುಗಳು ಸಾಲುಗಟ್ಟಿ ನಿಂತವು. ಅದೂ ಒಂದು ಗೇಟು ಮುಚ್ಚಿದ ಕತೆಯೇ.

ನಮ್ಮ ದೇಶದಲ್ಲಿ ಈ ಕಸುಬಿಗೆ ಬೆಲೆ ಹೆಚ್ಚಿದುದಕ್ಕೆ ಕಾರಣಗಳಿವೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬರುವುದಕ್ಕೆ ಮುಂಚೆ ಲಾರಿಗಳು ರಾಜ್ಯದ ಗಡಿಗಳಲ್ಲಿ ತೆರಿಗೆಯ ತನಿಖೆಗಾಗಿ ಕಾಯುತ್ತಿದ್ದವು. ಕಂಪನಿಗಳು ತೆರಿಗೆಯ ದೃಷ್ಟಿಯಿಂದಲೇ ರಾಜ್ಯಕ್ಕೊಂದು ಉಗ್ರಾಣವಿಟ್ಟಿದ್ದವು. ಆ ಕಾರಣ ತಪ್ಪಿದ ಮೇಲೆ ದೊಡ್ಡ ದೊಡ್ಡ ಉಗ್ರಾಣಗಳು ಎದ್ದವು. ಬೆಂಗಳೂರಿನ ಸುತ್ತ ನೆಲಮಂಗಲ, ಹೊಸಕೋಟೆಗಳ ಕಡೆ ಹೋದವರು ಅವುಗಳನ್ನು ಕಂಡಿರಬಹುದು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ವಡೋದರದ ರೈಲ್ವೆ ಸಂಸ್ಥೆ ‘ಗತಿ ಶಕ್ತಿ ವಿಶ್ವವಿದ್ಯಾಲಯ’ವಾಗಿ, ಸಾರಿಗೆ ಮತ್ತು ಸಾಗಣೆಗೆ ಮೀಸಲಾದ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. 1963ರಲ್ಲಿ ಹುಟ್ಟಿದ ಮುಂಬಯಿಯ ಕೈಗಾರಿಕಾ ಎಂಜಿನಿಯರಿಂಗ್ ಸಂಸ್ಥೆ 2023ರಲ್ಲಿ ಐ.ಐ.ಎಂ. ಆಯಿತು, ಈ ವಿಷಯದಲ್ಲಿ ಅದಕ್ಕೆ ಹಳೆಯ ಹೆಸರಿದೆ.

ಇಷ್ಟು ಓದಿ ಉತ್ಸಾಹದಿಂದ “ಕಳಿಸಿಬಿಡಿ” ಎನ್ನುವುದು ಸುಲಭ. ಆದರೆ ಹಿಂದೆ ಒಂದು ಸಲ ತಿಳಿಯದೆ ಮಾತನಾಡಿದ್ದ ನಾನು ಈ ಸಲ ಈ ಕೆಲಸದಲ್ಲಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಕೇಳಿದೆ. ಅವರು ಹೇಳಿದುದನ್ನು ಮನೆಯಲ್ಲಿ ಇಂಥದೇ ಯೋಚನೆಯಲ್ಲಿರುವ ಓದುಗರಿಗಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು: ಇದು ಹತ್ತರಿಂದ ಐದರವರೆಗಿನ ಕೆಲಸವಲ್ಲ. ರಾತ್ರಿ ಪಾಳಿಯುಂಟು, ಹಬ್ಬದ ದಿನಗಳಲ್ಲಿಯೇ ದುಡಿತ ಹೆಚ್ಚು. ಎಲ್ಲಿಯೋ ಲಾರಿ ನಿಂತರೆ ನಡುರಾತ್ರಿ ಫೋನು ಬರುತ್ತದೆ. ಎರಡನೆಯದು: ಕೆಲವು ವಾರಗಳ ಸರ್ಟಿಫಿಕೇಟು ಉಗ್ರಾಣದ ನೆಲದ ಕೆಲಸಕ್ಕೆ ಸಾಕು, ಯೋಜನೆ ಮಾಡುವ ಕುರ್ಚಿಗೆ ಸಾಲದು, ಅದಕ್ಕೆ ಲೆಕ್ಕ, ಅಂಕಿಅಂಶ ಮತ್ತು ಗಣಕಯಂತ್ರದ ಪಳಗಿಕೆ ಬೇಕು. ಮೂರನೆಯದು: ದುಬಾರಿ ಫೀಸಿನ ಯಾವ ಸಂಸ್ಥೆಯೇ ಆಗಲಿ, ಗೋಡೆಯ ಮೇಲಿನ ಭಾವಚಿತ್ರಗಳನ್ನು ನಂಬದೆ, ಎರಡು ವರ್ಷದ ಹಿಂದೆ ಅಲ್ಲಿ ಓದಿದವರು ಈಗ ಎಲ್ಲಿದ್ದಾರೆಂದು ಅವರನ್ನೇ ಕೇಳಬೇಕು. ನಾಲ್ಕನೆಯದು ನನ್ನ ಮನಸ್ಸಿಗೆ ಬಹಳ ಹಿಡಿಸಿತು: “ಲಾರಿ ಡ್ರೈವರು ಎಲ್ಲಿ ಮಲಗುತ್ತಾನೆ, ಮೂಟೆ ಹೊರುವವನು ಎಲ್ಲಿ ನೀರು ಕುಡಿಯುತ್ತಾನೆ ಎಂದು ನೋಡದವನು ಈ ಕೆಲಸಕ್ಕೆ ಬರಬಾರದು ಸರ್. ಸರಪಳಿಯಲ್ಲಿ ಮೊದಲು ಸವೆಯುವ ಕೊಂಡಿಗಳು ಅವರೇ.” ಇದನ್ನು ಹೇಳಿದವಳು ಒಬ್ಬ ಹೆಣ್ಣುಮಗಳು, ದೊಡ್ಡ ಉಗ್ರಾಣವೊಂದರ ಪಾಳಿಯ ಮೇಲ್ವಿಚಾರಣೆ ಅವಳದು.

ಗೌರಿಹಬ್ಬಕ್ಕೆ ಮುಂಚೆ ತಂದೆಯೂ ಮಗನೂ ಒಟ್ಟಿಗೆ ನಮ್ಮ ಮನೆಗೆ ಬಂದರು. ನಾನು ನನಗೆ ತೋರಿದುದನ್ನು ಹೇಳಿದೆ. ಹೊಲವನ್ನು ಗುತ್ತಿಗೆಗೆ ಕೊಡುವುದು ಬೇಡ. ಹುಡುಗ ಮೊದಲು ಒಂದು ವರ್ಷ ಉಗ್ರಾಣದಲ್ಲಿ ಕೆಲಸಕ್ಕೆ ಸೇರಲಿ. ಅವನಿಗೆ ಅದು ಒಗ್ಗುವುದೇ ನೋಡೋಣ. ಆ ವರ್ಷದಲ್ಲಿಯೇ ಪ್ರವೇಶ ಪರೀಕ್ಷೆಗೆ ಓದಿಕೊಳ್ಳಲಿ. ಒಳ್ಳೆಯ ಕಡೆ ಸ್ಥಳ ಸಿಕ್ಕಿದರೆ ಬ್ಯಾಂಕಿನ ವಿದ್ಯಾಭ್ಯಾಸದ ಸಾಲ ಕೇಳಬಹುದು. ಸಿಗದಿದ್ದರೆ ನೆಲವಂತೂ ನೆಲವಾಗಿಯೇ ಇರುತ್ತದೆ. ತಂದೆ ಬಹಳ ಹೊತ್ತು ಸುಮ್ಮನಿದ್ದರು.

“ಅವತ್ತು ಗೇಟಿನ ಹತ್ತಿರ ರಾತ್ರಿಯೆಲ್ಲ ಕೂತಿದ್ದು ಇವನ ತಲೆಯಲ್ಲಿ ಇನ್ನೂ ಇದೆ ಅಂತ ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ” ಎಂದು ಕಡೆಗೆ ಹೇಳಿದರು. “ನಾನು ಅದನ್ನ ಮರೆತುಬಿಡಲಿ ಅಂತಲೇ ಅವತ್ತು ಏನೂ ಮಾತಾಡಲಿಲ್ಲ.”

ಮಗ ಏನೂ ಹೇಳಲಿಲ್ಲ. ಅಪ್ಪನ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡು ಎದ್ದ.

ಹುಡುಗ ಈಗ ನೆಲಮಂಗಲದ ಬಳಿ ಒಂದು ಉಗ್ರಾಣದಲ್ಲಿದ್ದಾನೆ. ಮೊನ್ನೆ ಫೋನು ಮಾಡಿದ್ದ. “ಇಲ್ಲಿ ಬೀಗದ ಕೈ ಏನೂ ಇಲ್ಲ ಸರ್, ಎಲ್ಲ ಕೈಯಲ್ಲಿರುವ ಯಂತ್ರದಲ್ಲೇ. ಆದರೆ ಏನಾದರೂ ಕಮ್ಮಿ ಬಿದ್ದರೆ ಮಾತ್ರ ನನ್ನ ಹೆಸರು ಹಿಡಿದು ಕೂಗುತ್ತಾರೆ” ಎಂದು ನಕ್ಕ. ಪರೀಕ್ಷೆಯ ಓದು ನಿಧಾನವಾಗಿ ಸಾಗಿದೆಯಂತೆ. ರಾತ್ರಿ ಪಾಳಿಯ ವಾರದಲ್ಲಿ ಪುಸ್ತಕ ಹಿಡಿದರೆ ನಿದ್ದೆ ಬರುತ್ತದಂತೆ.

ಈ ಸಮಾಚಾರವನ್ನು ನನ್ನ ಸೋದರಮಾವನಿಗೆ ಹೇಳಿದೆ. ಅವರಿಗೀಗ ವಯಸ್ಸಾಗಿದೆ, ಆದರೂ ಮದುವೆಗಳಲ್ಲಿ ಕೀಲಿಕೈ ಇನ್ನೂ ಅವರ ಸೊಂಟದಲ್ಲಿಯೇ. ಎಲ್ಲವನ್ನೂ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು:

“ಆ ಹುಡುಗ ಊಟಕ್ಕೆ ಯಾವ ಪಂಕ್ತಿಯಲ್ಲಿ ಕೂರುತ್ತಾನೆ?”

“ಆಳುಗಳದೆಲ್ಲ ಆದ ಮೇಲೆ ಕೂರುತ್ತೇನೆಂದ” ಎಂದೆ.

“ಹಾಗಾದರೆ ಕಲಿಯುತ್ತಾನೆ ಬಿಡು” ಎಂದು ಮಾವ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.